ಮಳೆ ಹಿಡಿಯುವ ಮುಂಚೆ ಇಳಿಸಿಟ್ಟುಕೊಳ್ಳಿ: ಡೆವ್‌ಡಾಕ್ಸ್ ಬಳಸಿದ ಅನುಭವ

ಮೂಡಿಗೆರೆಯಿಂದ ಎಂಟು ಕಿಲೋಮೀಟರ್ ಒಳಗೆ ನಮ್ಮ ಮನೆ. ಕಾಫಿ ಬೆಳೆಗಾರರಿಗೆ, ಕಾಫಿ ಕೊಳ್ಳುವ ವ್ಯಾಪಾರಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುವುದು ನನ್ನ ಕೆಲಸ. ಯಾರು ಎಷ್ಟು ಕೆಜಿ ಹಣ್ಣು ಕುಯ್ದರು, ಪಾರ್ಚ್‌ಮೆಂಟ್ ಎಷ್ಟು ಮೂಟೆ, ಚೆರಿ ಎಷ್ಟು ಮೂಟೆ, ಔಟ್‌ಟರ್ನ್ ಎಷ್ಟು ಬಂತು, ವಾರದ ಬಟವಾಡೆ ಎಷ್ಟು, ಇಂಥ ಲೆಕ್ಕಗಳು. ಒಬ್ಬನೇ ಕೂತು ಕೆಲಸ ಮಾಡುತ್ತೇನೆ. ಏನಾದರೂ ಗೊತ್ತಾಗದಿದ್ದರೆ ಪಕ್ಕದ ಸೀಟಿನವರನ್ನು ಕೇಳೋಣ ಅಂದರೆ ಪಕ್ಕದಲ್ಲಿ ಸೀಟೇ ಇಲ್ಲ. ಹಾಗಾಗಿ ಡಾಕ್ಯುಮೆಂಟೇಷನ್ನೇ, ಅಂದರೆ ಆಯಾ ಭಾಷೆ, ಸಾಧನ ಮಾಡಿದವರು ಬರೆದಿಟ್ಟಿರುವ ಕೈಪಿಡಿಯೇ, ನನಗೆ ಗತಿ. ಅದರಲ್ಲಿ ಬೇಕಾದ್ದನ್ನು ಬೇಗ ಹುಡುಕುವುದು ಹೇಗೆ ಅನ್ನುವುದನ್ನು ಕಲಿಯುವುದಕ್ಕೇ ನನಗೆ ವರ್ಷಗಳು ಬೇಕಾದವು. ಅದಕ್ಕೆ ಎಲ್ಲಕ್ಕಿಂತ ಜಾಸ್ತಿ ನೆರವಾದದ್ದು ಡೆವ್‌ಡಾಕ್ಸ್ ಅನ್ನುವ ತಾಣ. ಇವತ್ತು ಅದರ ಬಗ್ಗೆಯೇ ಬರೆಯುತ್ತಿದ್ದೇನೆ. ಅದು ಎಲ್ಲಿ ಕೈ ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ, ಬಿಟ್ಟಾಗ ಏನು ಮಾಡಬೇಕು, ಎಲ್ಲವನ್ನೂ ಹೇಳುತ್ತೇನೆ.

ಮೊದಲು ಒಂದು ಘಟನೆ. ಎರಡು ವರ್ಷದ ಹಿಂದೆ, ಜುಲೈ ತಿಂಗಳು, ಪುನರ್ವಸು ಮಳೆ ಜೋರಾಗಿತ್ತು. ವ್ಯಾಪಾರಿಯೊಬ್ಬರ ಗೋದಾಮಿನಿಂದ ರೈಟರ್ ಫೋನ್ ಮಾಡಿದರು. 'ಸಾರ್, ಬೆಳಗ್ಗೆಯಿಂದ ಬಂದ ಲೋಡೆಲ್ಲಾ ಏಳು ನಿಮಿಷಕ್ಕೇ ಬಂದಿರೋ ಹಾಗೆ ಚೀಟಿ ಬರ್ತಿದೆ' ಅಂದರು. 9:07, 10:07, 11:07, ಮಧ್ಯಾಹ್ನ ಊಟ ಆದಮೇಲೆ 3:07. ಹಿಂದಿನ ವಾರವಷ್ಟೇ ಆ ಚೀಟಿಗೆ ಸಮಯ ಸೇರಿಸಿಕೊಟ್ಟಿದ್ದೆ. ತಪ್ಪು ನನ್ನದೇ ಅಂತ ತಕ್ಷಣ ಗೊತ್ತಾಯಿತು. ಎಲ್ಲಿ ಅಂತ ಮಾತ್ರ ಗೊತ್ತಾಗಲಿಲ್ಲ. ಅವತ್ತು ರಸ್ತೆಯಲ್ಲಿ ಸಿಲ್ವರ್ ಓಕ್ ಮರ ಬಿದ್ದು ಕೇಬಲ್ ತುಂಡಾಗಿತ್ತು, ಮೊಬೈಲ್ ಟವರ್ ಕೂಡ ಅರ್ಧ ಮಲಗಿ ನೆಟ್ ಹೋಗಿತ್ತು, ಮಾತಿಗೆ ಸಿಗ್ನಲ್ ಬಂದದ್ದೇ ದೊಡ್ಡದು. ಲ್ಯಾಪ್‌ಟಾಪ್‌ನಲ್ಲಿ ಡೆವ್‌ಡಾಕ್ಸ್ ಇಳಿಸಿಟ್ಟಿದ್ದೆ, ಅದರೊಳಗೆ ನಾನು ಬಳಸುವ ಪೋಸ್ಟ್‌ಗ್ರೆಸ್‌ಕ್ಯೂಎಲ್ ಅನ್ನುವ ಡೇಟಾಬೇಸಿನ ಪೂರ್ತಿ ಕೈಪಿಡಿ ಇತ್ತು. ಹುಡುಕುವ ಜಾಗದಲ್ಲಿ ಡೇಟಾಬೇಸಿನ ಹೆಸರಿನ ಮೊದಲ ನಾಲ್ಕಕ್ಷರ ಬರೆದು ಟ್ಯಾಬ್ ಒತ್ತಿದೆ, ಆಮೇಲೆ 'ಫಾರ್ಮ್ಯಾಟಿಂಗ್' ಅಂತ ಬರೆದೆ. ಡೇಟಾ ಟೈಪ್ ಫಾರ್ಮ್ಯಾಟಿಂಗ್ ಫಂಕ್ಷನ್ಸ್ ಅನ್ನುವ ಪುಟ ಬಂತು. ಪುಟದೊಳಗೆ ಕಂಟ್ರೋಲ್ ಎಫ್ ಒತ್ತಿ 'ಮಿನಿಟ್' ಅಂತ ಹುಡುಕಿದೆ. ನಿಮಿಷಕ್ಕೆ ಎಂಐ, ತಿಂಗಳಿಗೆ ಎಂಎಂ ಅಂತ ಕೋಷ್ಟಕದಲ್ಲಿ ಸ್ಪಷ್ಟವಾಗಿದೆ. ನಾನು ಎರಡೂ ಕಡೆ ಎಂಎಂ ಬರೆದಿದ್ದೆ. ಜುಲೈ ಏಳನೇ ತಿಂಗಳು, ಅದಕ್ಕೇ ಎಲ್ಲಾ ಲೋಡೂ ಏಳು ನಿಮಿಷಕ್ಕೆ! ಸಂಜೆ ಟವರ್ ಎದ್ದ ಕೂಡಲೇ ತಿದ್ದಿ ಕಳಿಸಿದೆ. ಹುಡುಕುವುದಕ್ಕೆ ಹಿಡಿದದ್ದು ಎರಡು ನಿಮಿಷವೂ ಇಲ್ಲ, ಆದರೆ ಇಳಿಸಿಟ್ಟುಕೊಂಡಿರದಿದ್ದರೆ ಸಂಜೆವರೆಗೂ ತಲೆ ಕೆಡಿಸಿಕೊಂಡು ಕೂತಿರುತ್ತಿದ್ದೆ.

ಡೆವ್‌ಡಾಕ್ಸ್ ಗೊತ್ತಿಲ್ಲದವರಿಗೆ ಸಣ್ಣ ಪರಿಚಯ. ಬೇರೆ ಬೇರೆ ಭಾಷೆ, ಲೈಬ್ರರಿ, ಡೇಟಾಬೇಸ್‌ಗಳ ಡಾಕ್ಯುಮೆಂಟೇಷನ್ನನ್ನೆಲ್ಲಾ ಒಂದೇ ಕಡೆ, ಒಂದೇ ರೀತಿಯ ಪುಟಗಳಲ್ಲಿ ತೋರಿಸುವ ತಾಣ ಇದು. 2013ರಲ್ಲಿ ಶುರುವಾಯಿತು, ಈಗ ಉಚಿತವಾಗಿ ಕೋಡಿಂಗ್ ಕಲಿಸುವ ಫ್ರೀಕೋಡ್‌ಕ್ಯಾಂಪ್‌ನವರು ನೋಡಿಕೊಳ್ಳುತ್ತಿದ್ದಾರೆ. ಪೂರ್ತಿ ಉಚಿತ, ಸೋರ್ಸ್ ಕೋಡ್ ಕೂಡ ಮುಕ್ತ. ಲಾಗಿನ್ ಕೇಳುವುದಿಲ್ಲ. ಬ್ರೌಸರ್‌ನಲ್ಲೇ ನಡೆಯುತ್ತದೆ, ಬೇರೆ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಪ್ರಿಫರೆನ್ಸಸ್‌ಗೆ ಹೋಗಿ ನಿಮಗೆ ಬೇಕಾದ ಡಾಕ್ಯುಮೆಂಟೇಷನ್‌ಗೆ ಟಿಕ್ ಹಾಕಿ, ಆಮೇಲೆ ಆಫ್‌ಲೈನ್ ಡೇಟಾ ಅನ್ನುವ ಪುಟಕ್ಕೆ ಹೋಗಿ ಒಂದೊಂದರ ಮುಂದೆಯೂ ಇನ್‌ಸ್ಟಾಲ್ ಒತ್ತಿ. ಅಷ್ಟೇ. ಆಮೇಲೆ ನೆಟ್ ಇಲ್ಲದಿದ್ದರೂ ಅದೇ ವಿಳಾಸ ಬರೆದರೆ ತೆರೆದುಕೊಳ್ಳುತ್ತದೆ.

ಹುಡುಕುವ ವಿಷಯಕ್ಕೆ ಬರೋಣ. ಇದರ ನಿಜವಾದ ಶಕ್ತಿ ಅಲ್ಲೇ ಇದೆ. ಪುಟ ತೆರೆದ ಕೂಡಲೇ ಸುಮ್ನೆ ಟೈಪ್ ಮಾಡಲು ಶುರು ಮಾಡಬಹುದು, ಮೌಸ್ ಹಿಡಿದು ಹುಡುಕುವ ಪೆಟ್ಟಿಗೆ ಎಲ್ಲಿದೆ ಅಂತ ನೋಡಬೇಕಿಲ್ಲ. ಪ್ರತಿ ಅಕ್ಷರಕ್ಕೂ ಪಟ್ಟಿ ಬದಲಾಗುತ್ತಾ ಹೋಗುತ್ತದೆ. ಪೂರ್ತಿ ಹೆಸರು ಬರೆಯಬೇಕಾಗಿಯೂ ಇಲ್ಲ. ಅವರೇ ಕೊಟ್ಟಿರುವ ಉದಾಹರಣೆ ಹೇಳಬೇಕೆಂದರೆ, ಬಿಜಿಸಿಪಿ ಅನ್ನುವ ನಾಲ್ಕಕ್ಷರ ಒತ್ತಿದರೆ ಬ್ಯಾಕ್‌ಗ್ರೌಂಡ್-ಕ್ಲಿಪ್ ಅನ್ನುವ ಹೆಸರು ಬರುತ್ತದೆ. ಅಕ್ಷರಗಳು ಅದೇ ಕ್ರಮದಲ್ಲಿದ್ದರೆ ಸಾಕು. ಯಾವ ಡಾಕ್ಯುಮೆಂಟೇಷನ್‌ನಲ್ಲಿ ಹುಡುಕಬೇಕು ಅಂತ ಮೊದಲೇ ಹೇಳುವುದಕ್ಕೆ ಅದರ ಹೆಸರೋ ಹ್ರಸ್ವ ರೂಪವೋ ಬರೆದು ಟ್ಯಾಬ್ ಒತ್ತಬೇಕು. ಜೆಎಸ್ ಬರೆದು ಟ್ಯಾಬ್ ಒತ್ತಿದರೆ ಜಾವಾಸ್ಕ್ರಿಪ್ಟ್ ಮಾತ್ರ. ಇದನ್ನು ಅಭ್ಯಾಸ ಮಾಡಿಕೊಳ್ಳದಿದ್ದರೆ ಅರ್ಧ ಲಾಭ ಹೋದ ಹಾಗೆ. ಏಕೆಂದರೆ 'ಫಾರ್ಮ್ಯಾಟ್' ಅನ್ನುವ ಹೆಸರು ಪ್ರತಿ ಭಾಷೆಯಲ್ಲೂ ಒಂದಲ್ಲ ಒಂದು ರೂಪದಲ್ಲಿ ಇದ್ದೇ ಇರುತ್ತದೆ, ಹದಿನೈದು ಡಾಕ್ಯುಮೆಂಟೇಷನ್ ಟಿಕ್ ಹಾಕಿಕೊಂಡಿದ್ದರೆ ನಿಮಗೆ ಬೇಕಾದ್ದು ಎಲ್ಲೋ ಕೆಳಗೆ ಹೋಗಿರುತ್ತದೆ.

ಈಗ ಇದರ ಮುಖ್ಯ ಮಿತಿ. ಡೆವ್‌ಡಾಕ್ಸ್ ಹುಡುಕುವುದು ಹೆಸರುಗಳನ್ನು. ಪುಟದ ಒಳಗಿನ ವಾಕ್ಯಗಳನ್ನಲ್ಲ. ಫಂಕ್ಷನ್ ಹೆಸರು, ಪುಟದ ಹೆಸರು, ವಿಭಾಗದ ಹೆಸರು ಗೊತ್ತಿದ್ದರೆ ಇದಕ್ಕಿಂತ ಚುರುಕಾದ್ದು ನಾನು ಬೇರೆ ನೋಡಿಲ್ಲ. ಹೆಸರೇ ಗೊತ್ತಿಲ್ಲದಿದ್ದರೆ ಕಷ್ಟ.

ನಮ್ಮ ಕಡೆ ಹೊಸಬರು ಯಾರಾದರೂ ಬಂದು 'ಗೌಡರ ಮನೆ ಎಲ್ಲಿ' ಅಂತ ಕೇಳಿದರೆ ಯಾರಿಗೂ ಹೇಳುವುದಕ್ಕಾಗುವುದಿಲ್ಲ. ಯಾವ ಗೌಡರು? ತೋಟದ ಹೆಸರು ಹೇಳಿದರೆ ಚಿಕ್ಕ ಹುಡುಗನೂ ಗೇಟಿನವರೆಗೆ ಬಂದು ತೋರಿಸುತ್ತಾನೆ. ಡಾಕ್ಯುಮೆಂಟೇಷನ್ ಕೂಡ ಹಾಗೆಯೇ. ಆ ವಸ್ತುವನ್ನು ಆ ಮನೆಯವರು ಏನಂತ ಕರೆಯುತ್ತಾರೆ ಅನ್ನುವುದು ನಿಮಗೆ ಮೊದಲು ಗೊತ್ತಾಗಬೇಕು. ನಾನು ಹೇಳಬೇಕು ಅಂದುಕೊಂಡದ್ದರಲ್ಲಿ ಮುಖ್ಯವಾದ್ದು ಇದೇ. ಹುಡುಕಾಟದಲ್ಲಿ ಎರಡು ಹಂತ ಇದೆ, ಒಂದು ಹೆಸರು ಹುಡುಕುವುದು, ಇನ್ನೊಂದು ಆ ಹೆಸರಿನಿಂದ ಪುಟ ಹುಡುಕುವುದು. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಒಟ್ಟಿಗೆ ಮಾಡಲು ಹೋಗಿಯೇ ನಾವು ಸಮಯ ಕಳೆದುಕೊಳ್ಳುವುದು.

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ. ಬಿಲ್ಲಿನಲ್ಲಿ ಮೊತ್ತ 123456 ಅಂತ ಬರುತ್ತಿತ್ತು, ವ್ಯಾಪಾರಿಗೆ ಅದು 1,23,456 ಅಂತ ನಮ್ಮ ಲಕ್ಷದ ಲೆಕ್ಕದಲ್ಲಿ ಬೇಕಿತ್ತು. ಜಾವಾಸ್ಕ್ರಿಪ್ಟ್‌ನಲ್ಲಿ ಮಾಡಬೇಕು. ಡೆವ್‌ಡಾಕ್ಸ್‌ನಲ್ಲಿ 'ಕಾಮಾ' ಅಂತ ಬರೆದೆ. ಕಾಮಾ ಆಪರೇಟರ್ ಅನ್ನುವ ಪುಟ ಬಂತು, ಅದಕ್ಕೂ ನನ್ನ ಕೆಲಸಕ್ಕೂ ಸಂಬಂಧವೇ ಇಲ್ಲ, ಎರಡು ಎಕ್ಸ್‌ಪ್ರೆಷನ್‌ಗಳ ನಡುವೆ ಹಾಕುವ ಚಿಹ್ನೆ ಅದು. 'ಲಕ್ಷ' ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದೆ, ಏನೂ ಬರಲಿಲ್ಲ. ಆಗ ಗೂಗಲ್‌ಗೆ ಹೋಗಿ 'ಸೈಟ್' ಅಂತ ಬರೆದು ಕೋಲನ್ ಹಾಕಿ, ಮಧ್ಯೆ ಜಾಗ ಬಿಡದೆ ಎಂಡಿಎನ್ ತಾಣದ ವಿಳಾಸ ಬರೆದು, ಆಮೇಲೆ 'ನಂಬರ್ ಫಾರ್ಮ್ಯಾಟ್' ಮತ್ತು ಅದೇ 'ಲಕ್ಷ' ಪದ ಸೇರಿಸಿದೆ. ಎಂಡಿಎನ್ ಅಂದರೆ ಮೊಜಿಲ್ಲಾದವರು ಶುರು ಮಾಡಿದ ವೆಬ್ ಡಾಕ್ಯುಮೆಂಟೇಷನ್, ಡೆವ್‌ಡಾಕ್ಸ್‌ನ ಜಾವಾಸ್ಕ್ರಿಪ್ಟ್ ಪುಟಗಳು ಕೂಡ ಅಲ್ಲಿಂದಲೇ ಬಂದವು. ಇಂಟ್ಲ್ ನಂಬರ್‌ಫಾರ್ಮ್ಯಾಟ್ ಅನ್ನುವ ಪುಟ ಬಂತು. ಅದರ ಉದಾಹರಣೆಯಲ್ಲಿ, ಭಾರತದಲ್ಲಿ ಸಾವಿರ, ಲಕ್ಷ, ಕೋಟಿಗೆ ತಕ್ಕ ಹಾಗೆ ಕಾಮಾ ಹಾಕುತ್ತಾರೆ ಅಂತ ಒಂದು ಸಾಲು ಟಿಪ್ಪಣಿಯೇ ಇದೆ! ಲೊಕೇಲ್, ಅಂದರೆ ಯಾವ ಭಾಷೆ, ಯಾವ ದೇಶ ಅಂತ ಹೇಳುವ ಜಾಗದಲ್ಲಿ ಇಎನ್-ಐಎನ್ ಅಂತ ಕೊಟ್ಟರೆ ಆಯಿತು. ನನಗೆ ಬೇಕಿದ್ದ ಹೆಸರು ಸಿಕ್ಕಿತು. ಅಲ್ಲಿಂದ ಮುಂದೆ ಗೂಗಲ್ ಬೇಕಾಗಲಿಲ್ಲ, ಆ ಹೆಸರನ್ನು ಡೆವ್‌ಡಾಕ್ಸ್‌ನಲ್ಲಿ ಹಾಕಿದರೆ ಪುಟ, ಅದರ ಆಯ್ಕೆಗಳು, ಅಕ್ಕಪಕ್ಕದ ಪುಟಗಳು ಎಲ್ಲಾ ಬೆರಳ ತುದಿಯಲ್ಲಿ.

ಅಕ್ಕಪಕ್ಕದ ಪುಟಗಳು ಅಂದೆ, ಅದರಿಂದಲೇ ಇನ್ನೊಂದು ಒಳ್ಳೆಯದಾಯಿತು. ಕೊಟ್ಟಿಗೆಹಾರದ ಕಡೆ ಹಿರಿಯ ಬೆಳೆಗಾರರೊಬ್ಬರಿದ್ದಾರೆ, ಆಳುಗಳಿಗೆ ಕೊಡುವ ಚೀಟಿಯಲ್ಲಿ ಅಂಕಿಗಳೂ ಕನ್ನಡದಲ್ಲೇ ಇರಬೇಕು ಅಂತ ಅವರ ಆಸೆ. 'ಅಪ್ಪಯ್ಯನ ಕಾಲದ ಲೆಕ್ಕದ ಪುಸ್ತಕ ಪೂರ್ತಿ ಕನ್ನಡ ಅಂಕಿ ಕಣಯ್ಯ, ನಿನ್ನ ಕಂಪ್ಯೂಟರ್‌ಗೆ ಅದು ಬರಲ್ವಾ' ಅಂತ ಎರಡು ಸಲ ಕೇಳಿದ್ದರು. ನಂಬರ್‌ಫಾರ್ಮ್ಯಾಟ್ ಪುಟದಲ್ಲಿ ನಂಬರಿಂಗ್ ಸಿಸ್ಟಮ್ ಅನ್ನುವ ಆಯ್ಕೆ ಕಣ್ಣಿಗೆ ಬಿತ್ತು. ಆ ಹೆಸರು ಹಿಡಿದು ಹೋದರೆ ಇನ್ನೊಂದು ಪುಟದಲ್ಲಿ ದೊಡ್ಡ ಪಟ್ಟಿ, ಅದರಲ್ಲಿ ಕನ್ನಡ ಅಂಕಿಗೆ ಕೆಎನ್‌ಡಿಎ ಅನ್ನುವ ನಾಲ್ಕಕ್ಷರದ ಗುರುತು. ಲೊಕೇಲ್‌ನ ಕೊನೆಗೆ ಯು-ಎನ್‌ಯು-ಕೆಎನ್‌ಡಿಎ ಸೇರಿಸಿದರೆ 465 ಅನ್ನುವುದು ೪೬೫ ಅಂತ ಬರುತ್ತದೆ. ಅದಕ್ಕೆ ಬೇರೆ ಲೈಬ್ರರಿ ಬೇಡ, ಅಂಕಿಗೆ ಅಂಕಿ ಬದಲಾಯಿಸುವ ಕೋಡ್ ಬರೆಯುವುದೂ ಬೇಡ. ಮೊದಲ ಚೀಟಿ ಪ್ರಿಂಟ್ ಆದಾಗ ಅವರು ಕನ್ನಡಕ ಹಾಕಿಕೊಂಡು ಅದನ್ನು ಬಹಳ ಹೊತ್ತು ನೋಡಿದರು. ನನಗೆ ಈ ಕೆಲಸದಲ್ಲಿ ಸಿಕ್ಕ ದೊಡ್ಡ ಸಂತೋಷಗಳಲ್ಲಿ ಅದೊಂದು.

ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನನ್ನ ಚಿಕ್ಕಪ್ಪನ ಮಗಳ ಅನುಭವ ಇನ್ನೊಂದು ಥರ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಒಂದು ರಾತ್ರಿ ಫೋನ್ ಮಾಡಿ 'ಅಣ್ಣ, ಪೈತಾನ್ ಡಾಕ್ಯುಮೆಂಟೇಷನ್‌ನಲ್ಲಿ ಏನು ಹುಡುಕಿದರೂ ಸಿಗ್ತಿಲ್ಲ' ಅಂದಳು. ಏನಂತ ಹುಡುಕಿದೆ ಅಂದರೆ ಇಡೀ ಪ್ರಶ್ನೆಯನ್ನೇ ವಾಕ್ಯವಾಗಿ ಪೆಟ್ಟಿಗೆಯಲ್ಲಿ ಬರೆದಿದ್ದಾಳೆ, ಹತ್ತು ಹನ್ನೆರಡು ಪದ. ಪೈತಾನ್‌ನ ಆ ತಾಣ ಸ್ಫಿಂಕ್ಸ್ ಅನ್ನುವ ಸಾಧನದಿಂದ ತಯಾರಾದದ್ದು. ಅದರ ಹುಡುಕುವ ಪುಟದಲ್ಲೇ ಬರೆದಿರುತ್ತದೆ, ಒಂದಕ್ಕಿಂತ ಹೆಚ್ಚು ಪದ ಕೊಟ್ಟರೆ ಎಲ್ಲಾ ಪದಗಳೂ ಇರುವ ಪುಟಗಳನ್ನು ಮಾತ್ರ ತೋರಿಸುತ್ತೇವೆ ಅಂತ. ಗೂಗಲ್ ಹಾಗಲ್ಲ, ಅದು ನಮ್ಮ ಮನಸ್ಸಿನಲ್ಲಿ ಇರುವುದನ್ನು ಊಹಿಸುತ್ತದೆ. ಇಲ್ಲಿ ಪದ ಜಾಸ್ತಿ ಆದಷ್ಟೂ ಜಾಲರಿ ಸಣ್ಣದಾಗುತ್ತದೆ, ಕೊನೆಗೆ ಏನೂ ಉಳಿಯುವುದಿಲ್ಲ. ಇದು ಗೊತ್ತಿಲ್ಲದೆ ಎಷ್ಟು ಮಕ್ಕಳು 'ನನಗೆ ಇಂಗ್ಲಿಷ್ ಬರಲ್ಲ, ಅದಕ್ಕೇ ಸಿಗ್ತಿಲ್ಲ' ಅಂದುಕೊಂಡು ಬಿಟ್ಟುಬಿಡುತ್ತಾರೋ. ಅವಳೂ ಅದನ್ನೇ ಅಂದಳು, ಅದು ನನಗೆ ನಿಜವಾಗಿ ನೋವು ಕೊಟ್ಟಿತು. ಇಂಗ್ಲಿಷ್ ಚೆನ್ನಾಗಿ ಬರುವವರು ಅದೇ ಉದ್ದದ ವಾಕ್ಯ ಬರೆದರೂ ಅಲ್ಲಿ ಸಿಗುವುದಿಲ್ಲ.

ಅವಳ ಸಮಸ್ಯೆ ಇದು: ಗಾಡಿ ನಂಬರ್‌ನಿಂದ ಮುಂದಿನ ಕೆಎ13 ತೆಗೆಯಬೇಕು, ಉಳಿದದ್ದು ಮಾತ್ರ ಬೇಕು. ಎಲ್‌ಸ್ಟ್ರಿಪ್ ಅನ್ನುವ ಪೈತಾನ್ ಫಂಕ್ಷನ್ ಬಳಸಿದ್ದಳು. ಕೆಎ13ಎ1234 ಅಂತ ಕೊಟ್ಟರೆ ಎ1234 ಬರುವ ಬದಲು ಬರೀ 234 ಬರುತ್ತಿತ್ತು. 'ನೀನು ಬಳಸಿದ ಹೆಸರನ್ನೇ ಹುಡುಕು, ಪ್ರಶ್ನೆಯನ್ನಲ್ಲ' ಅಂದೆ. ಎಲ್‌ಸ್ಟ್ರಿಪ್ ಅಂತ ಒಂದೇ ಪದ ಹಾಕಿದಳು, ಪುಟ ಬಂತು. ಫೋನಿನಲ್ಲೇ ಓದಿಸಿದೆ. ಕೊಟ್ಟ ಅಕ್ಷರಗಳನ್ನು ಒಂದು ಪೂರ್ವಪದ ಅಂತ ಲೆಕ್ಕ ಹಾಕುವುದಿಲ್ಲ, ಆ ಅಕ್ಷರಗಳಲ್ಲಿ ಯಾವುದು ಎಡಗಡೆ ಸಿಕ್ಕರೂ ತೆಗೆಯುತ್ತಾ ಹೋಗುತ್ತದೆ ಅಂತ ಅಲ್ಲೇ ಬರೆದಿದೆ. ಅದಕ್ಕೇ ಮುಂದಿನ ಎ, 1 ಕೂಡ ಹೋದವು. ಅದರ ಕೆಳಗೇ, ಪೂರ್ವಪದ ಪೂರ್ತಿಯಾಗಿ ತೆಗೆಯಬೇಕಿದ್ದರೆ ರಿಮೂವ್‌ಪ್ರಿಫಿಕ್ಸ್ ನೋಡಿ ಅಂತ ದಾರಿಯೂ ತೋರಿಸಿದ್ದಾರೆ. ಬೇಕಾದ ಮನೆ ಗೊತ್ತಿಲ್ಲದಿದ್ದರೆ ಪಕ್ಕದ ಮನೆಗೆ ಹೋಗಿ, ಅವರು ತೋರಿಸುತ್ತಾರೆ. ಒಳ್ಳೆಯ ಡಾಕ್ಯುಮೆಂಟೇಷನ್‌ನಲ್ಲಿ ಇದು ಬಹಳ ಸಲ ನಡೆಯುತ್ತದೆ, ಆದರೆ ನಾವು ಪುಟವನ್ನು ಎರಡು ಪ್ಯಾರಾ ಕೆಳಗೆ ಓದುವ ಮುಂಚೆಯೇ ಹಿಂದಕ್ಕೆ ಹೋಗಿಬಿಡುತ್ತೇವೆ.

ಮರುದಿನ ಮತ್ತೆ ಫೋನ್. 'ಅಣ್ಣ, ಮನೇಲಿ ಸರಿ ಬಂತು, ಕಾಲೇಜಿನ ಲ್ಯಾಬ್‌ನಲ್ಲಿ ಎರರ್ ಬರ್ತಿದೆ.' ರಿಮೂವ್‌ಪ್ರಿಫಿಕ್ಸ್ ಬಂದದ್ದು ಪೈತಾನ್ 3.9ರಲ್ಲಿ, 2020ರಲ್ಲಿ. ಲ್ಯಾಬ್‌ನಲ್ಲಿ ಇದ್ದದ್ದು 3.8. ಇಂಥ ಆಮೇಲೆ ಸೇರಿಸಿದ ಫಂಕ್ಷನ್ನಿನ ವಿವರದ ಕೊನೆಯಲ್ಲಿ ಇದು ಯಾವ ಆವೃತ್ತಿಯಲ್ಲಿ ಸೇರಿತು ಅಂತ ಒಂದು ಸಣ್ಣ ಸಾಲು ಇರುತ್ತದೆ. ಅದನ್ನು ಓದುವ ಅಭ್ಯಾಸ ಮಾಡಿಕೊಳ್ಳಿ ಅಂತ ಎಲ್ಲರಿಗೂ ಕೈಮುಗಿದು ಕೇಳುತ್ತೇನೆ.

ಆವೃತ್ತಿಯ ವಿಷಯದಲ್ಲಿ ನನಗೂ ಪೆಟ್ಟು ಬಿದ್ದಿದೆ. ಗ್ರಾಹಕರೊಬ್ಬರ ಸರ್ವರ್‌ನಲ್ಲಿ ಪೋಸ್ಟ್‌ಗ್ರೆಸ್ 13 ಇತ್ತು. ನಾನು ಹೊಸ ಕೈಪಿಡಿ ಓದಿಕೊಂಡು ಮರ್ಜ್ ಅನ್ನುವ ಆದೇಶ ಬಳಸಿ ಇಡೀ ಸ್ಟಾಕ್ ವಿಭಾಗ ಬರೆದೆ. ಮರ್ಜ್ ಬಂದದ್ದು 15ರಲ್ಲಿ, ಅಂದರೆ 2022ರಲ್ಲಿ. ಹಾಕಿದ ದಿನವೇ ಎರರ್. ಕೊನೆಗೆ 9.5ರಿಂದಲೂ ಇರುವ ಆನ್ ಕಾನ್‌ಫ್ಲಿಕ್ಟ್ ಬಳಸಿ ರಾತ್ರಿ ಕೂತು ಎಲ್ಲಾ ತಿದ್ದಬೇಕಾಯಿತು. ಇದರ ಉಲ್ಟಾ ಕೂಡ ಆಗುತ್ತದೆ. ಗೂಗಲ್ ಎಷ್ಟೋ ಸಲ ತೀರಾ ಹಳೆಯ ಆವೃತ್ತಿಯ ಪುಟಕ್ಕೆ ಕರೆದೊಯ್ಯುತ್ತದೆ. 9.6ರ ಪುಟ ಈಗಲೂ ತೆರೆಯುತ್ತದೆ, ಆದರೆ ಅದಕ್ಕೆ 2021ರ ನವೆಂಬರ್‌ನಲ್ಲೇ ಬೆಂಬಲ ನಿಂತಿದೆ. ಪುಟದ ಮೇಲ್ಗಡೆ ಆವೃತ್ತಿಗಳ ಸಾಲು ಇರುತ್ತದೆ, ನಿಮ್ಮದರ ಮೇಲೆ ಒತ್ತಿದರೆ ಅದೇ ವಿಷಯದ ಪುಟ ಆ ಆವೃತ್ತಿಯಲ್ಲಿ ತೆರೆಯುತ್ತದೆ. ಡೆವ್‌ಡಾಕ್ಸ್ ನನಗೆ ಇಷ್ಟವಾಗುವುದಕ್ಕೆ ಇದೂ ಒಂದು ಕಾರಣ: ಅಲ್ಲಿ ಆವೃತ್ತಿಗಳು ಬೇರೆ ಬೇರೆಯಾಗಿ ಸಿಗುತ್ತವೆ. ಗ್ರಾಹಕರ ಸರ್ವರ್‌ನಲ್ಲಿ ಯಾವುದಿದೆಯೋ ಅದನ್ನು ಮಾತ್ರ ಟಿಕ್ ಹಾಕಿಕೊಂಡರೆ, ಇಲ್ಲದ ಆದೇಶ ಹುಡುಕಿದರೂ ಸಿಗುವುದಿಲ್ಲ. ಆಮೇಲೆ ಆ ತಪ್ಪು ನನ್ನಿಂದ ಮತ್ತೆ ಆಗಿಲ್ಲ.

ಚಿಹ್ನೆಗಳನ್ನು ಹುಡುಕುವುದು ಇನ್ನೊಂದು ತಲೆನೋವು. ಕೋಲನ್ ಮತ್ತು ಈಕ್ವಲ್ ಒಟ್ಟಿಗೆ ಬರೆದ ಚಿಹ್ನೆ ಪೈತಾನ್ ಕೋಡ್‌ನಲ್ಲಿ ಕಂಡರೆ ಅದನ್ನು ಏನಂತ ಹುಡುಕುತ್ತೀರಿ? ಹುಡುಕುವ ಪೆಟ್ಟಿಗೆಗಳು ಹೆಚ್ಚಿನವು ಚಿಹ್ನೆಗಳನ್ನು ಗಣನೆಗೇ ತೆಗೆದುಕೊಳ್ಳುವುದಿಲ್ಲ. ಇಲ್ಲಿ ಹಳೆಯ ಕಾಲದ ಉಪಾಯವೇ ಸರಿ, ಪುಸ್ತಕದ ಹಿಂದೆ ಇರುವ ಹಾಗೆ ಅಕಾರಾದಿ. ಪೈತಾನ್ ತಾಣದಲ್ಲಿ ಮೇಲ್ಗಡೆ ಇಂಡೆಕ್ಸ್ ಅಂತ ಒಂದು ಕೊಂಡಿ ಇದೆ, ಅದರ ಮೊದಲ ಭಾಗವೇ ಚಿಹ್ನೆಗಳದ್ದು. ಪೋಸ್ಟ್‌ಗ್ರೆಸ್ ಕೈಪಿಡಿಗೂ ಕೊನೆಯಲ್ಲಿ ಇಂಡೆಕ್ಸ್ ಇದೆ. ಯಾರೂ ತೆರೆದು ನೋಡುವುದಿಲ್ಲ, ಆದರೆ ಬಹಳ ಶ್ರದ್ಧೆಯಿಂದ ಮಾಡಿಟ್ಟಿದ್ದಾರೆ.

ಎರರ್ ಬಂದಾಗ ಎಲ್ಲರೂ ಮಾಡುವ ತಪ್ಪು, ಪೂರ್ತಿ ಸಾಲನ್ನು ಕಾಪಿ ಮಾಡಿ ಹಾಗೇ ಹುಡುಕುವುದು. ಅದರಲ್ಲಿ ನಿಮ್ಮ ಟೇಬಲ್ ಹೆಸರು, ನಿಮ್ಮ ಫೈಲ್ ಹೆಸರು ಎಲ್ಲಾ ಸೇರಿರುತ್ತದೆ. ಜಗತ್ತಿನಲ್ಲಿ ಇನ್ಯಾರ ಹತ್ತಿರವೂ 'ಕಾಫಿ_ಮೂಟೆ' ಅನ್ನುವ ಟೇಬಲ್ ಇಲ್ಲ, ಅಲ್ವಾ. ನಿಮ್ಮದನ್ನೆಲ್ಲಾ ತೆಗೆದು, ಸಾಫ್ಟ್‌ವೇರ್ ತಾನಾಗಿ ಹೇಳುವ ಭಾಗವನ್ನು ಮಾತ್ರ ಡಬಲ್ ಕೋಟ್ಸ್ ಒಳಗೆ ಇಟ್ಟು ಹುಡುಕಿ. ಇನ್ನೂ ಒಳ್ಳೆಯದು ಎರರ್ ಕೋಡ್. ಪೋಸ್ಟ್‌ಗ್ರೆಸ್‌ನಲ್ಲಿ 23505 ಅಂದರೆ, ಒಂದೇ ಸಲ ಇರಬೇಕಾದ ಮೌಲ್ಯ ಎರಡನೇ ಸಲ ಬಂತು ಅಂತ. ಕೈಪಿಡಿಯ ಮೊದಲ ಅನುಬಂಧದಲ್ಲಿ ಇಂಥ ಕೋಡ್‌ಗಳ ಪಟ್ಟಿಯೇ ಇದೆ. ವಾಕ್ಯ ಆವೃತ್ತಿಯಿಂದ ಆವೃತ್ತಿಗೆ ಬದಲಾಗಬಹುದು, ಕೋಡ್ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ.

ಎಲ್ಲಾ ಡಾಕ್ಯುಮೆಂಟೇಷನ್ನೂ ಡೆವ್‌ಡಾಕ್ಸ್‌ನಲ್ಲಿ ಸಿಗುವುದಿಲ್ಲ, ಇದು ಅದರ ಎರಡನೇ ಮಿತಿ. ಮೆಸೇಜ್ ಕಳಿಸುವ ಸೇವೆ, ಪೇಮೆಂಟ್ ಸೇವೆ, ಇಂಥ ಕಂಪನಿಗಳ ಕೈಪಿಡಿ ಅವರವರ ತಾಣದಲ್ಲೇ ಇರುತ್ತದೆ. ನಾನು ಬಳಸಿದ ಒಂದು ಮೆಸೇಜ್ ಕಂಪನಿಯ ತಾಣದಲ್ಲಿ ಹುಡುಕಿದರೆ ಮೊದಲು ಬರುತ್ತಿದ್ದದ್ದು ಅವರ ಜಾಹೀರಾತಿನ ಲೇಖನಗಳು. ಕನ್ನಡದಲ್ಲಿ ಮೆಸೇಜ್ ಕಳಿಸಿದರೆ ಒಂದಕ್ಕೆ 160 ಅಕ್ಷರದ ಬದಲು ಯಾಕೆ 70 ಮಾತ್ರ ಹಿಡಿಯುತ್ತದೆ ಅಂತ ನೋಡಬೇಕಿತ್ತು. 'ಕನ್ನಡ', 'ಪ್ರಾದೇಶಿಕ ಭಾಷೆ' ಅಂತೆಲ್ಲಾ ಹುಡುಕಿ ಸೋತು, ಕೊನೆಗೆ 'ಯುನಿಕೋಡ್' ಅಂತ ಹಾಕಿದಾಗ ಸಿಕ್ಕಿತು. ಇಲ್ಲೂ ಅದೇ ಕಥೆ, ಅವರ ಮನೆಯಲ್ಲಿ ಅದಕ್ಕೆ ಇಟ್ಟಿರುವ ಹೆಸರು ಅದು. ಇಂಥ ಕಡೆ ನಾನು ಈಗ ಮೊದಲು ಮಾಡುವುದು ಎಡಗಡೆಯ ಪರಿವಿಡಿಯನ್ನು ಒಂದು ಸಲ ಮೇಲಿಂದ ಕೆಳಗೆ ಓದುವುದು. ಐದು ನಿಮಿಷ ಹಿಡಿಯುತ್ತದೆ, ಆದರೆ ಅವರು ಬಳಸುವ ಪದಗಳು ಕಿವಿಗೆ ಬಿದ್ದಿರುತ್ತವೆ.

ಕೆಲವರು ಕೇಳುತ್ತಾರೆ, ಈಗ ಎಐ ಇದೆಯಲ್ಲ, ಯಾಕೆ ಇಷ್ಟೆಲ್ಲಾ ಅಂತ. ನಾನೂ ಬಳಸುತ್ತೇನೆ, ಮೊದಲ ಹಂತಕ್ಕೆ. 'ಇಂಥ ಕೆಲಸಕ್ಕೆ ಏನು ಹೆಸರು' ಅಂತ ಕನ್ನಡದಲ್ಲೇ ಕೇಳಿದರೂ ಹೆಸರು ಹೇಳುತ್ತದೆ, ತಂಗಿಗೆ ಅದರಿಂದ ಬಹಳ ಉಪಯೋಗ ಆಗಿದೆ. ಆದರೆ ಆ ಹೆಸರು ನಿಜವಾಗಿ ಇದೆಯಾ, ನನ್ನ ಆವೃತ್ತಿಯಲ್ಲಿ ಇದೆಯಾ ಅಂತ ನೋಡುವುದು ಡಾಕ್ಯುಮೆಂಟೇಷನ್‌ನಲ್ಲೇ. ಇಲ್ಲದ ಆಯ್ಕೆಯನ್ನು ಇದೆ ಅಂತ ಹೇಳಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಡೆವ್‌ಡಾಕ್ಸ್ ಥರದ್ದೇ ಬೇರೆ ಸಾಧನಗಳೂ ಇವೆ. ವಿಂಡೋಸ್ ಮತ್ತು ಲಿನಕ್ಸ್‌ಗೆ ಝೀಲ್, ಮ್ಯಾಕ್‌ಗೆ ಡ್ಯಾಶ್. ಝೀಲ್ ಉಚಿತ, ಆರು ತಿಂಗಳು ಬಳಸಿದ್ದೇನೆ, ಚೆನ್ನಾಗಿಯೇ ಇದೆ. ಅದು ಪ್ರತ್ಯೇಕ ಪ್ರೋಗ್ರಾಂ ಆಗಿರುವುದರಿಂದ ಬ್ರೌಸರ್ ಏನಾದರೂ ಆದರೂ ಡಾಕ್ಯುಮೆಂಟೇಷನ್ ಸುರಕ್ಷಿತ. ನಾನು ಡೆವ್‌ಡಾಕ್ಸ್‌ಗೆ ವಾಪಸ್ ಬಂದದ್ದು ಅದು ಫೋನಿನಲ್ಲೂ ಇರುತ್ತದೆ ಅನ್ನುವ ಕಾರಣಕ್ಕೆ. ಕಣದ ಹತ್ತಿರ ನಿಂತು ಗ್ರಾಹಕರ ಜೊತೆ ಮಾತಾಡುವಾಗ ಜೇಬಿನಿಂದ ತೆಗೆದು ನೋಡಬಹುದು.

ಬ್ರೌಸರ್ ವಿಷಯ ಬಂತಲ್ಲ, ಎಚ್ಚರಿಕೆ ಹೇಳಲೇಬೇಕು. ಇಳಿಸಿದ್ದೆಲ್ಲಾ ಬ್ರೌಸರ್ ಒಳಗೇ ಇರುತ್ತದೆ. ತಾಣಗಳ ಡೇಟಾ ಅಳಿಸಿದರೆ ಅದೂ ಹೋಗುತ್ತದೆ. ಕಳೆದ ಆಗಸ್ಟ್‌ನಲ್ಲಿ ಬ್ಯಾಂಕಿನ ಪುಟ ಸರಿಯಾಗಿ ತೆರೆಯುತ್ತಿಲ್ಲ ಅಂತ ಎಲ್ಲಾ ಡೇಟಾ ಅಳಿಸಿದೆ, ಎರಡು ದಿನ ಬಿಟ್ಟು ಮಳೆಗೆ ನೆಟ್ ಹೋದಾಗ ಡೆವ್‌ಡಾಕ್ಸ್ ಖಾಲಿ. ಈಗ ಅದಕ್ಕಾಗಿಯೇ ಬೇರೆ ಬ್ರೌಸರ್ ಪ್ರೊಫೈಲ್ ಇಟ್ಟಿದ್ದೇನೆ, ಅದನ್ನು ಮುಟ್ಟುವುದಿಲ್ಲ. ಕ್ರೋಮ್‌ನಲ್ಲಿ ಇಳಿಸಿದ್ದು ಫೈರ್‌ಫಾಕ್ಸ್‌ನಲ್ಲಿ ಸಿಗುವುದಿಲ್ಲ, ಫೋನಿಗೆ ಮತ್ತೆ ಬೇರೆಯಾಗಿ ಇಳಿಸಬೇಕು. ಪ್ರೈವೇಟ್ ವಿಂಡೋದಲ್ಲಿ ಇಳಿಸಿದರೆ ಮುಚ್ಚಿದ ಕೂಡಲೇ ಮಾಯ.

ಅಂಕ ಕೊಡಬೇಕೆಂದರೆ ಐದಕ್ಕೆ ನಾಲ್ಕೂವರೆ. ಪುಟದ ಒಳಗಿನ ಪದಗಳನ್ನೂ ಹುಡುಕುವ ಹಾಗಿದ್ದರೆ ಐದೂ ಕೊಡುತ್ತಿದ್ದೆ. ಹೆಸರು ಗೊತ್ತಿರುವವರಿಗೆ, ದಿನಾ ಕೋಡ್ ಬರೆಯುವವರಿಗೆ, ಮತ್ತೆ ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಮನೆಯಿಂದಲೇ ಕೆಲಸ ಮಾಡುವ ಎಲ್ಲರಿಗೂ ಧೈರ್ಯವಾಗಿ ಹೇಳುತ್ತೇನೆ, ಇಟ್ಟುಕೊಳ್ಳಿ. ಈಗಷ್ಟೇ ಕಲಿಯುತ್ತಿರುವ ಮಕ್ಕಳಿಗೆ ಇದೊಂದೇ ಸಾಲದು, ಜೊತೆಗೆ ಆಯಾ ಭಾಷೆಯ ಟ್ಯುಟೋರಿಯಲ್ ಒಂದನ್ನು ಮೊದಲಿಂದ ಕೊನೆವರೆಗೆ ಓದಬೇಕು, ಹೆಸರುಗಳು ಪರಿಚಯ ಆಗುವುದು ಅಲ್ಲೇ.

ಈ ಸಲ ಮೇ ಕೊನೆಯ ವಾರ ತಂಗಿ ರಜೆಗೆ ಬಂದಿದ್ದಳು. ಜಗುಲಿಯಲ್ಲಿ ಕೂತು ಅವಳ ಲ್ಯಾಪ್‌ಟಾಪ್‌ಗೂ ನನ್ನದಕ್ಕೂ ಒಟ್ಟಿಗೆ ಇಳಿಸಿದೆವು. ಅವಳಿಗೆ ಪೈತಾನ್, ಅದೂ ಲ್ಯಾಬ್‌ನಲ್ಲಿ ಇರುವ ಆವೃತ್ತಿಯದ್ದೇ. ನನಗೆ ಪೋಸ್ಟ್‌ಗ್ರೆಸ್ 13 ಮತ್ತು 16, ಜಾವಾಸ್ಕ್ರಿಪ್ಟ್, ಸಿಎಸ್‌ಎಸ್, ಗಿಟ್. ಆಮೇಲೆ ವೈಫೈ ಆಫ್ ಮಾಡಿ ಒಂದೊಂದನ್ನೂ ತೆರೆದು ನೋಡಿದೆವು, ಅದನ್ನು ನೀವೂ ಮಾಡಿ, ಇಳಿದಿದೆ ಅಂದುಕೊಂಡದ್ದು ಕೆಲವು ಸಲ ಅರ್ಧಕ್ಕೇ ನಿಂತಿರುತ್ತದೆ. ಅವಳದ್ದರಲ್ಲಿ ಪೈತಾನ್ ನಿಂತಿತ್ತು. ಮತ್ತೆ ವೈಫೈ ಹಾಕಿ ಇಳಿಸಿಕೊಂಡಳು.